ಹೂವಿನ ಟಾಕಿಯಲ್ಲಿ ಗಾಳಿ ಇರಲಿಲ್ಲ

ನನ್ನ ಬಲಗೈ ಮೇಲೆ ಹಲ್ಲಿನ ಗುರುತಿದೆ. ಮೊಣಕೈಗಿಂತ ಸ್ವಲ್ಪ ಕೆಳಗೆ, ಅರ್ಧಚಂದ್ರದ ಹಾಗೆ. ಮೊದಲು ಕೆಂಪಗಿತ್ತು, ಆಮೇಲೆ ನೀಲಿಯಾಯಿತು, ಈಗ ಹಳದಿಗೆ ತಿರುಗಿದೆ.

ನಾಯಿ ಕಚ್ಚಿದ್ದಲ್ಲ. ಕಚ್ಚಿದವನು ನಮ್ಮ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನ ಸಂತೋಷ. ಬಾಂದ್ರಾದ ಆಫೀಸೊಂದರಲ್ಲಿ ಕೆಲಸ ಮಾಡುವ, ಮುದುಕರು ಬರುವವರೆಗೂ ಗೇಟು ಹಿಡಿದು ನಿಲ್ಲುವ, ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಿರದ ಹುಡುಗ. (ಹುಡುಗ ಅಂದೆ. ತಲೆಯಲ್ಲಿ ಬಿಳಿಕೂದಲು ಶುರುವಾಗಿದೆ.)

ಯಾಕೆ ಕಚ್ಚಿದ? ಅವನು ತನ್ನ ತಂದೆಯನ್ನು ಉಳಿಸಲು ಹೊರಟಿದ್ದ. ನಾನು ಬಿಡಲಿಲ್ಲ.

ಈ ವಾರ ಬೇರೆಯೇ ಬರೆಯಬೇಕೆಂದಿದ್ದೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವ ನಮ್ಮ ಲೋಕಲ್ ಟ್ರೇನಿನ ಕಲೆಯ ಬಗ್ಗೆ ಅರ್ಧ ಬರೆದೂ ಇಟ್ಟಿದ್ದೆ. ನಗು ಬರುವ ಹಾಗೇ ಇತ್ತು. ಈಗ ಅದನ್ನು ಓದಿದರೆ ಬರೆದವರು ಯಾರೋ ಅನ್ನಿಸುತ್ತದೆ. ಆ ಭಾನುವಾರದಿಂದ ನನ್ನ ತಲೆಯಲ್ಲಿ ಒಂದೇ ರೀಲು ತಿರುಗುತ್ತಿದೆ. ತರಕಾರಿ ಹೆಚ್ಚುವಾಗ, ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, ಆಫೀಸಿನ ಮೀಟಿಂಗಿನಲ್ಲಿ. ಚಂಡುಹೂವಿನ ಬುಟ್ಟಿ ಕಂಡರೆ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಹೂವಿಗೆ ಹೆದರುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗ್ ನಿಮಗೆ ಹೊಸದಲ್ಲ. ಅದರ ಸೋರುವ ಟೆರೇಸು, ಜಗಳಗಂಟ ಪಾರ್ಕಿಂಗು ಎಲ್ಲವೂ ಈ ಅಂಕಣದಲ್ಲಿ ಬಂದುಹೋಗಿವೆ. ಬೆಳಗಾವಿ, ಧಾರವಾಡ, ವಿಜಯಪುರದ ಮನೆಗಳು ಹೆಚ್ಚು. ಒಂದಿಷ್ಟು ಮಂಗಳೂರು ಕಡೆಯವರು, ತಮಿಳರು, ಮರಾಠಿಗರು. ಹಾಗಾಗಿ ವರ್ಷವಿಡೀ ಯಾವುದಾದರೊಂದು ಬಾಗಿಲಲ್ಲಿ ಮಾವಿನ ತೋರಣ ಇದ್ದೇ ಇರುತ್ತದೆ. ಶ್ರಾವಣ, ಗಣಪತಿ, ನವರಾತ್ರಿ, ಸತ್ಯನಾರಾಯಣ. ಪೂಜೆ ಅಂದಮೇಲೆ ಹೂವು. ಹೂವು ಅಂದಮೇಲೆ ಮರುದಿನ ನಿರ್ಮಾಲ್ಯ.

ಆ ನಿರ್ಮಾಲ್ಯವನ್ನು ಎಲ್ಲಿ ಹಾಕುವುದು?

ಊರಿನಲ್ಲಿ ಈ ಪ್ರಶ್ನೆಯೇ ಇಲ್ಲ. ಗಿಡದ ಬುಡ, ಬಾವಿ ದಂಡೆ, ಹೊಳೆ. ಮುಂಬಯಿಯಲ್ಲಿ ಬಕೆಟ್ಟು ಎರಡೇ: ಹಸಿ ಕಸ, ಒಣ ಕಸ. ಗಣಪತಿ ಹಬ್ಬದಲ್ಲಿ ಮುನಿಸಿಪಾಲಿಟಿಯವರು ಬೇರೆ ಡಬ್ಬ ಇಡುತ್ತಾರೆ. ಉಳಿದ ದಿನ ದೇವರೂ ಹಸಿ ಕಸದ ಸಾಲಿನಲ್ಲೇ ನಿಲ್ಲಬೇಕು.

ಇದನ್ನು ಸೊಸೈಟಿ ಮೀಟಿಂಗಿನಲ್ಲಿ ಎತ್ತಿದವರು ಸಂತೋಷನ ತಾಯಿ ಶಾಂತಾ ಕಾಕು.

"ದೇವರ ತಲೀಮ್ಯಾಲಿನ ಹೂವು ಬಂಗಡೆ ಮೀನಿನ ಮುಳ್ಳಿನ ಜೋಡಿ ಹೋಗೂದೇನ್ರಿ?" ಅಂದರು.

"ಬಂಗಡೆ ಏನು ಪಾಪ ಮಾಡಿದೆ ಕಾಕು?" ಎಂದು ಎರಡನೇ ಮಹಡಿಯ ಮಂಗಳೂರಿನವರು ನಗಿಸಿದರು. ಆದರೆ ಒಳಗೊಳಗೆ ಎಲ್ಲರಿಗೂ ಕಾಕು ಹೇಳಿದ್ದು ಸರಿ ಅನ್ನಿಸಿತ್ತು. ನನಗೂ.

ಉಪಾಯ ಹುಡುಕಿದವರು ಅವರ ಗಂಡ ಗುರುನಾಥ ಕಾಕಾ. ವಿಜಯಪುರ ಕಡೆಯವರು, ಕಂಪನಿಯೊಂದರ ಸ್ಟೋರ್ಸಿನಿಂದ ರಿಟೈರ್ ಆದವರು, ಬಿಲ್ಡಿಂಗಿನ ಎಲ್ಲ ಪೂಜೆಗಳ ಮುಂದಾಳು. ಕಂಪೌಂಡ್ ಗೋಡೆಯ ಪಕ್ಕ ನೆಲದೊಳಗೆ ಒಂದು ಹಳೆಯ ನೀರಿನ ಟಾಕಿ ಇದೆ. ಹೊಸ ಟ್ಯಾಂಕ್ ಕಟ್ಟಿದ ಮೇಲೆ ಅದು ಖಾಲಿ ಬಿದ್ದಿತ್ತು. ಆಳ ಹೆಚ್ಚೇನಿಲ್ಲ, ಒಬ್ಬ ಗಂಡಸು ನಿಂತು ಕೈ ಎತ್ತಿದರೆ ಬಾಯಿ ಸಿಗುವಷ್ಟು.

"ಎಲ್ಲಾ ನಿರ್ಮಾಲ್ಯ ಇದರಾಗ ಹಾಕ್ರಿ. ವರ್ಷದಾಗ ಗೊಬ್ಬರ ಆಗತೈತಿ. ತುಳಸಿ ಲಗ್ನಕ್ಕ ಎಲ್ಲಾರ ಮನೀ ತುಳಸಿಗೂ ದೇವರ ಗೊಬ್ಬರ!" ಅಂದರು.

ಎಂಥ ಚೆಂದದ ಯೋಚನೆ! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪರಿಸರವೂ ಆಯಿತು, ಪುಣ್ಯವೂ ಆಯಿತು. ದಿನಾ ಬೆಳಗ್ಗೆ ಕಾಕಾ ಮುಚ್ಚಳ ತೆಗೆಯುವರು, ಮನೆಮನೆಯಿಂದ ಬಂದದ್ದು ಒಳಗೆ ಬೀಳುವುದು. ಚಂಡುಹೂವು, ಬಿಲ್ವಪತ್ರೆ, ಗರಿಕೆ, ಬಾಳೆಕಂಬದ ತುಂಡು, ಪಂಚಾಮೃತದಲ್ಲಿ ನೆನೆದ ಸೇವಂತಿಗೆ. ಆಮೇಲೆ ಮುಚ್ಚಳ.

ಮುಚ್ಚಳದ ವಿಷಯದಲ್ಲಿ ಕಾಕಾ ಬಹಳ ಕಟ್ಟುನಿಟ್ಟು. ನಿರ್ಮಾಲ್ಯವನ್ನು ಇಲಿ ಮುಟ್ಟಬಾರದು, ಯಾರ ಕಾಲೂ ತಾಗಬಾರದು, ಅಲ್ಲವೇ? ಮಳೆಗಾಲದ ಹೊತ್ತಿಗೆ ಟಾಕಿಗೆ ಸಾಕಷ್ಟು ಬಿದ್ದಿದೆ ಎಂದು ಹಾಕುವುದನ್ನು ನಿಲ್ಲಿಸಿ, ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಸುತ್ತ ಒದ್ದೆ ಮಣ್ಣು ಮೆತ್ತಿ, ಒಂದು ಕುಂಕುಮದ ಬೊಟ್ಟೂ ಇಟ್ಟರು. ಗಾಳಿ ಸಹ ಹೋಗದ ಹಾಗೆ.

ಗಾಳಿ ಸಹ ಹೋಗದ ಹಾಗೆ. ಈ ನಾಲ್ಕು ಶಬ್ದ ಬರೆಯುವಾಗ ನನ್ನ ಕೈ ನಿಂತಿತು.

ತುಳಸಿ ಲಗ್ನದ ಹಿಂದಿನ ಭಾನುವಾರ ಬೆಳಗ್ಗೆ ಕಾಕಾ ಟಾಕಿ ತೆರೆಯುವವರಿದ್ದರು. ನಾನೂ ನನ್ನ ತುಳಸಿ ಕುಂಡ ಹಿಡಿದು ಇಳಿದೆ. ಕಾಕಾ ಸ್ನಾನ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ, ಬರಿಗಾಲಲ್ಲಿ ನಿಂತಿದ್ದರು. ಕಾಕು ಮುಚ್ಚಳಕ್ಕೆ ಅರಿಸಿನ ಕುಂಕುಮ ಹಚ್ಚಿ, ಪಕ್ಕದ ಮಣ್ಣಿಗೆ ಊದಿನಕಡ್ಡಿ ಚುಚ್ಚಿದ್ದರು. ಸಂತೋಷ ಏಣಿ, ಹಗ್ಗ, ಬಕೆಟ್ಟು ತಂದಿದ್ದ.

"ಕಾಲಿಗೆ ಏನಾದ್ರೂ ಹಾಕ್ಕೊಳ್ರಿ ಕಾಕಾ. ತೆಂಗಿನ ಕರಟ ಗಿರಟ ಚುಚ್ಚೀತು," ಅಂದೆ.

"ದೇವರ ಹೂವಿನ ಮ್ಯಾಲೆ ಚಪ್ಪಲಿ ಹಾಕ್ಕೊಂಡು ನಿಂದರಲೇನವ್ವಾ?" ಎಂದು ನಕ್ಕರು.

ವಾಚ್‌ಮನ್ ಗಟಾರ ತೊಳೆಯುವವರನ್ನು ಕರೆಯಲೇ ಎಂದು ಕೇಳಿದ, "ಕಾಕಾ, ಗಟರ್‌ವಾಲೇ ಕೋ ಬುಲಾಊಂ ಕ್ಯಾ?"

ಕಾಕಾಗೆ ಸಿಟ್ಟೇ ಬಂತು. "ಗಟರ್‌ವಾಲಾ? ಅರೇ ಬಾಬಾ, ಯೇ ಗಟರ್ ಹೈ ಕ್ಯಾ? ಭಗವಾನ್ ಕಾ ಫೂಲ್ ಹೈ!" ಇದು ಗಟಾರವಲ್ಲ, ದೇವರ ಹೂವು ಎಂದರು.

ನೋಡಿ, ಎಲ್ಲವೂ ಇಲ್ಲೇ ಇದೆ. ಗಟಾರ ಎಂದರೆ ನಾವು ಹೆದರುತ್ತೇವೆ. ಗಟಾರಕ್ಕಿಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಓದುತ್ತೇವೆ, ಅಯ್ಯೋ ಅನ್ನುತ್ತೇವೆ, ಪುಟ ತಿರುವುತ್ತೇವೆ. ಅದು ಹೊಲಸಿನ ಸಾವು, ನಮ್ಮದಲ್ಲ. ಇಲ್ಲಿರುವುದು ಮಡಿಯ ವಸ್ತು. ಮಡಿಯಲ್ಲಿ ಸಾವು ಎಲ್ಲಿಂದ ಬರಬೇಕು?

ಮುಚ್ಚಳ ತೆಗೆದಾಗ ಬಂದ ವಾಸನೆ ಹೂವಿನದಲ್ಲ. ಕೊಳೆತ ಮೊಟ್ಟೆಯದು. ನಾನು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದೆ. ಕಾಕು "ಶಿವ ಶಿವಾ" ಅಂದರು. ಕಾಕಾ ಮಾತ್ರ ಟಾಕಿಯ ಬಾಯಿಗೆ ಬಗ್ಗಿ ನೋಡುತ್ತಲೇ ಇದ್ದರು.

"ಹೂವು ಕೊಳತ್ರ ಹಂಗ. ಸ್ವಲ್ಪ ತಡೀರಿ, ಹೋಗತೈತಿ," ಅಂದರು. ತುಸು ಹೊತ್ತಾದ ಮೇಲೆ, "ಹೋತ್ ನೋಡ್ರಿ ವಾಸನಿ! ಖರೇನ ಹೋತು!"

ಹಿಂದೆ ನಿಂತ ನನಗೆ ಇನ್ನೂ ನಾರುತ್ತಿತ್ತು. ವಯಸ್ಸಾದ ಮೂಗು ಎಂದುಕೊಂಡೆ.

ವಾಸನೆ ಹೋಗಿರಲಿಲ್ಲ. ಆ ವಾಸನೆಯ ಗ್ಯಾಸು ಹೆಚ್ಚಾದಾಗ ಮೊದಲು ಕೆಲಸ ನಿಲ್ಲಿಸುವುದೇ ಮೂಗಂತೆ. ಮನೆಗೆ ಕನ್ನ ಹಾಕುವವನು ಮೊದಲು ನಾಯಿಯ ಬಾಯಿ ಕಟ್ಟುತ್ತಾನಲ್ಲ, ಹಾಗೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಕಾಕಾ ಏಣಿ ಇಳಿದರು. ಸಲಿಕೆ ಹಾಕಿದ ಸದ್ದು ಕೇಳಿತು. ಕೆಳಗಿಂದ ಅವರ ದನಿ ಬಂತು, ಹಬ್ಬದ ದನಿ: "ಆಹಾಹಾ! ಸಂತ್ಯಾ, ಮಣ್ಣ ನೋಡಲೇ! ನಮ್ಮ ಕಡೇ ಎರಿ ಮಣ್ಣ ಇದ್ದಂಗೈತಿ!"

ಸಂತೋಷ ಹಗ್ಗ ಕಟ್ಟಿದ ಬಕೆಟ್ಟು ಬಿಟ್ಟ. ಹಗ್ಗ ಸಡಿಲವಾಗಿಯೇ ಇತ್ತು.

"ಅಪ್ಪಾ, ತುಂಬಿತೇನ್ರಿ?"

ಉತ್ತರ ಇಲ್ಲ.

"ಅಪ್ಪಾ?"

ಬಗ್ಗಿ ನೋಡಿದೆವು. ಕಾಕಾ ಕೂತಿದ್ದರು. ಏಣಿಗೆ ಒರಗಿ, ಮುಖ ಸ್ವಲ್ಪ ಮೇಲಕ್ಕೆ ಮಾಡಿ, ದಣಿದವರು ಕಟ್ಟೆಯ ಮೇಲೆ ಕೂರುವ ಹಾಗೆ. ಕಿರುಚಾಟವಿಲ್ಲ, ಒದ್ದಾಟವಿಲ್ಲ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಮನುಷ್ಯ ಆರಿಹೋದ. ಬಲ್ಬು ಆರುವ ಹಾಗೆ. ನನ್ನ ರೀಲು ದಿನಾ ಇಲ್ಲಿಗೆ ಬಂದು ನಿಲ್ಲುತ್ತದೆ.

ಸಂತೋಷ ಏಣಿಗೆ ಕಾಲು ಹಾಕಿದ. ಯಾವ ಮಗ ಹಾಕುವುದಿಲ್ಲ?

ಆಗ ಮನೆಯೊಳಗಿಂದ ಅವನ ಹೆಂಡತಿ ಮೇಘಾ ಓಡಿಬಂದಳು. ಬೊರಿವಲಿಯಲ್ಲಿ ಹುಟ್ಟಿ ಬೆಳೆದವಳು, ಅಲ್ಲಿನದೇ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. (ಅತ್ತೆಗೆ ಸೊಸೆಯ ಮೇಲಿದ್ದ ಮೊದಲ ದೂರು ಅದೇ.) ಒಳಗೆ ಪೇಪರ್ ತಿದ್ದುತ್ತಿದ್ದವಳಿಗೆ ಕಿಟಕಿಯಿಂದ ವಾಸನೆ ಬಡಿದಿತ್ತು, ಗಂಡನ ಕೂಗು ಕೇಳಿತ್ತು. ಬಂದವಳೇ ಹಿಂದಿನಿಂದ ಅವನ ಶರ್ಟಿನ ಕಾಲರ್ ಹಿಡಿದು ಎಳೆದಳು.

"ನಹೀ! ಸಂತೋಷ, ಮತ್ ಉತರೋ! ಆಂಟಿ, ಪಕಡೋ ಇಸಕೋ! ಹಿಡ್ಕೊಳ್ಳಿ ಪ್ಲೀಸ್! ಒಳಗೆ ಆಕ್ಸಿಜನ್ ಇಲ್ಲ, ಗ್ಯಾಸ್ ಇದೆ!"

ನಾನು ಯಾಕೆ ಹಿಡಿದೆ? ಈಗಲೂ ಗೊತ್ತಿಲ್ಲ. ಗ್ಯಾಸಿನ ಬಗ್ಗೆ ನನಗೇನೂ ತಿಳಿದಿರಲಿಲ್ಲ. ನನ್ನ ಬಿ.ಎ. ಡಿಗ್ರಿಯಲ್ಲಿ ಇದೆಲ್ಲ ಇರಲಿಲ್ಲ. ಅವಳ ದನಿಯಲ್ಲಿ ಏನೋ ಇತ್ತು. ಕುಂಡ ಕೈಬಿಟ್ಟು ಅವನ ತೋಳು ತಬ್ಬಿಕೊಂಡೆ. ವಾಚ್‌ಮನ್ ಸೊಂಟ ಹಿಡಿದ. ಮೂವರೂ ಸೇರಿ ಅವನನ್ನು ನೆಲಕ್ಕೆ ಕೆಡವಿದೆವು.

"ಅಕ್ಕಾರ, ಬಿಡ್ರಿ! ಅಪ್ಪ ಸಾಯಾಕತ್ತಾರ! ಬಿಡ್ರಿ ನನ್ನ!"

ಬಿಡಲಿಲ್ಲ. ಆಗ ಕಚ್ಚಿದ.

ಕಾಕು ಎದೆ ಬಡಿದುಕೊಳ್ಳುತ್ತಿದ್ದರು. "ಬಿಡ್ರಿ ಅವನ್ನ! ಮಗಾ ಇದ್ದಾನ, ಇಳೀಲಿ! ನೀವ್ಯಾರು ಹಿಡಿಯಾವರು?" ಆಮೇಲೆ ಸೊಸೆಯ ಕಡೆ ತಿರುಗಿ, ನಾನು ಸಾಯುವವರೆಗೂ ಮರೆಯದ ದನಿಯಲ್ಲಿ ಕೇಳಿದರು: "ನಿಮ್ಮಪ್ಪ ಒಳಗಿದ್ರ ಹಿಂಗ ಹಿಡೀತಿದ್ದೇನ?"

ಮೇಘಾ ಗಂಡನ ಕಾಲರ್ ಬಿಡದೆ ತಲೆಯೆತ್ತಿದಳು. ಅಳುತ್ತಿದ್ದಳು. "ಹಾಂ ಅತ್ತೀ. ಹಿಡೀತಿದ್ದೆ."

ಮೇಲಿನ ಬಾಲ್ಕನಿಯಿಂದ ಯಾರೋ ಫೈರ್ ಬ್ರಿಗೇಡಿಗೆ ಫೋನ್ ಮಾಡಿದ್ದರು. ಮೇಘಾ ಗಂಡನ ಮೇಲೆ ಕೂತೇ ಕೂಗುತ್ತಿದ್ದಳು. ಅಗರಬತ್ತಿ ಆರಿಸಿ! ಯಾರೂ ಬೆಂಕಿ ಹಚ್ಚಬೇಡಿ! ಟಾಕಿಗೆ ಇನ್ನೊಂದು ಮುಚ್ಚಳ ಇದೆಯಲ್ಲ, ಆ ಹಳೇ ಸ್ಕೂಟರಿನ ಕೆಳಗೆ, ಅದನ್ನೂ ತೆಗೆಯಿರಿ, ಒಳಗೆ ಗಾಳಿ ಆಡಲಿ! ಬಗ್ಗಿ ನೋಡಬೇಡಿ! ಗಂಡಸರು ಓಡಿಬಂದು ಸ್ಕೂಟರ್ ಎತ್ತಿ ಬಿಸಾಕಿದರು.

ಕಾಯುವುದು ಎಂದರೇನು ಎಂದು ನಾನು ಮುಂಬಯಿಯಲ್ಲಿ ಕಲಿತಿದ್ದೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ. ಒಬ್ಬ ಮನುಷ್ಯ ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದಾನೆ. ಒದ್ದೆ ಬನಿಯನ್ ಕಾಣುತ್ತಿದೆ. ನಾಲ್ಕು ಹೆಜ್ಜೆ ಇಳಿದರೆ ಮುಟ್ಟಬಹುದು. ನಾವು ಹತ್ತಾರು ಜನ ಮೇಲೆ ನಿಂತಿದ್ದೇವೆ, ಇಳಿಯಬಲ್ಲ ಒಬ್ಬನನ್ನು ನೆಲಕ್ಕೆ ಒತ್ತಿಹಿಡಿದು. ಇದು ಕೊಲೆ ಅಲ್ಲವೇ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ನಿಜ.

ಬ್ರಿಗೇಡಿನವರು ಬಂದರು. ಪುಣ್ಯಕ್ಕೆ ಫೈರ್ ಸ್ಟೇಷನ್ ದೂರವಿಲ್ಲ. ಅವರ ಆಫೀಸರ್ ಗಾಡಿಯಿಂದ ಇಳಿಯುತ್ತಲೇ ಕೂಗಿದ, "ಕೋಣೀ ಖಾಲೀ ಉತರೂ ನಕಾ!" ಯಾರೂ ಇಳಿಯಬೇಡಿ.

ಗ್ಯಾಸ್ ಅಳೆಯುವ, ದಾರ ಕಟ್ಟಿದ ಒಂದು ಮೀಟರನ್ನು ಒಳಗೆ ಇಳಿಬಿಟ್ಟರು. ಅದು ಚೀರಿಕೊಂಡಿತು.

"ಗಟರ್ ಹೈ?" ಆಫೀಸರ್ ಕೇಳಿದ.

"ನಹೀ ಸಾಬ್," ವಾಚ್‌ಮನ್ ಹೇಳಿದ. "ಫೂಲ್ ಹೈ."

ಆಫೀಸರ್ ಅವನ ಮುಖವನ್ನೇ ಒಂದು ಕ್ಷಣ ನೋಡಿ, ಒಳಗೆ ಎಷ್ಟು ಜನ ಎಂದು ಕೇಳಿದ. "ಅಂದರ್ ಕಿತನೇ ಆದ್ಮೀ?"

"ಏಕ್."

"ಏಕ್ ಹೀ?"

"ಏಕ್ ಹೀ ಸಾಬ್."

ಅವನು ನಂಬಲಿಲ್ಲ. ನೆಲದ ಮೇಲೆ ನಮ್ಮ ಕೈಯಲ್ಲಿ ಸಿಕ್ಕಿಬಿದ್ದಿದ್ದ ಸಂತೋಷನನ್ನು ನೋಡಿದ. ಅವನ ಕಾಲರ್ ಹಿಡಿದಿದ್ದ ಮೇಘಾಳನ್ನು ನೋಡಿದ. ಆಮೇಲೆ ಮಾಸ್ಕ್ ಹಾಕಿಕೊಂಡ. ಬೆನ್ನಿಗೆ ಸಿಲಿಂಡರ್ ಕಟ್ಟಿದ ಇಬ್ಬರು ಇಳಿದರು, ಕಾಕಾರನ್ನು ಹಗ್ಗದಲ್ಲಿ ಕಟ್ಟಿ ಮೇಲಕ್ಕೆ ಕಳಿಸಿದರು. ಮುಖದ ಬಣ್ಣ ಹೇಳುವುದಿಲ್ಲ. ಎದೆ ಒತ್ತಿದರು, ಬಾಯಿಗೆ ಆಕ್ಸಿಜನ್ ಇಟ್ಟರು, ಆ್ಯಂಬುಲೆನ್ಸಿಗೆ ಹಾಕಿದರು.

ಹೊರಡುವ ಮುಂಚೆ ಆಫೀಸರ್ ನನಗೆ ಹೇಳಿದ ಮಾತು ಇದು: ಇಂಥ ಕಡೆಯಿಂದ ನಮಗೆ ಒಬ್ಬನಿಗಾಗಿ ಕಾಲ್ ಬರುವುದೇ ಅಪರೂಪ ತಾಯಿ. ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಪಕ್ಕದವನು. ನಾವು ಬಂದು ಸಾಲಾಗಿ ಎತ್ತುತ್ತೇವೆ.

ಸಾಲಾಗಿ. ಆ ಸಾಲಿನಲ್ಲಿ ಸಂತೋಷ, ವಾಚ್‌ಮನ್, ಆಮೇಲೆ ಬಹುಶಃ ನಾನೇ.

ಆಸ್ಪತ್ರೆಯ ಐಸಿಯು ಹೊರಗೆ ಎರಡು ಬೆಂಚು. ಒಂದರ ಮೇಲೆ ಕಾಕು ಮತ್ತು ಸಂತೋಷ, ಇನ್ನೊಂದರ ಮೇಲೆ ಮೇಘಾ ಮತ್ತು ನಾನು. ನಡುವೆ ಓಡಾಡಲು ಜಾಗ. ಆ ಜಾಗವನ್ನು ಯಾರೂ ದಾಟಲಿಲ್ಲ.

ನಾನು ಚಹಾ ತಂದುಕೊಟ್ಟು ಕೇಳಿದೆ, "ಹೂವಿನಲ್ಲಿ ಗ್ಯಾಸ್ ಎಲ್ಲಿಂದ ಬಂತು ಮೇಘಾ?"

ಅವಳು ಮೂರು ಭಾಷೆಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ತಪ್ಪಿದ್ದರೆ ತಪ್ಪು ನನ್ನದು.

ಮೊದಮೊದಲು ಹೂವನ್ನು ಕೊಳೆಸಿದ್ದು ನಮ್ಮ ಹಾಗೇ ಗಾಳಿ ಬೇಕಾದ ಜೀವಿಗಳು. ಒಳಗಿದ್ದ ಆಮ್ಲಜನಕವನ್ನು ಅವು ತಿಂದು ಮುಗಿಸಿದವು. ಮೇಲಿಂದ ಹೊಸ ಗಾಳಿ ಬರಲಿಲ್ಲ, ನಾವು ಮಣ್ಣು ಮೆತ್ತಿದ್ದೆವಲ್ಲ. ಆಗ ಎದ್ದವು ಇನ್ನೊಂದು ಕುಲದವು. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು. ಬೇಡ ಎಂದರೆ ಸಾಲದು, ಅವುಗಳಲ್ಲಿ ಎಷ್ಟಕ್ಕೋ ಅದು ವಿಷ.

"ವಿಷ?" ಅಂದೆ. "ಆಕ್ಸಿಜನ್ನು?"

"ಹಾಂ ಆಂಟಿ. ನಮಗೆ ಆ ಟಾಕಿ ಹೇಗೋ, ಅವಕ್ಕೆ ಈ ಕಾರಿಡಾರ್ ಹಾಗೆ."

ಕೆಲವು ಹೂವನ್ನು ಹುಳಿಮಾಡುತ್ತವೆ. ಕೆಲವು ಆ ಹುಳಿಯನ್ನು ತಿಂದು ಇನ್ನೂ ಸಣ್ಣದಾಗಿ ಒಡೆಯುತ್ತವೆ. ಕೊನೆಗೆ ಮೀಥೇನ್ ಮಾಡುವವು ಬರುತ್ತವೆ. (ಅವು ಬ್ಯಾಕ್ಟೀರಿಯಾ ಅಲ್ಲ, ದೂರದ ನೆಂಟರು, ನನ್ನ ಸ್ಟೂಡೆಂಟ್ ಬ್ಯಾಕ್ಟೀರಿಯಾ ಅಂತ ಬರೆದರೆ ಮಾರ್ಕ್ಸ್ ಕಟ್ ಮಾಡ್ತೀನಿ ಎಂದಳು. ಆ ಸ್ಥಿತಿಯಲ್ಲೂ!) ಇನ್ನೊಂದು ಗುಂಪಿದೆ, ಗಾಳಿಯ ಬದಲು ಗಂಧಕದ ಲವಣವನ್ನು ಉಸಿರಾಡುತ್ತದೆ. ಉಪ್ಪುನೀರಿನಲ್ಲಿ ಆ ಲವಣ ಧಾರಾಳ. ನಮ್ಮ ಆಂಟಾಪ್ ಹಿಲ್ ನೆಲದಡಿಯ ನೀರು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕಡೆಯದು, ಉಪ್ಪು. ಮಳೆಗಾಲದಲ್ಲಿ ಅದು ಬಿರುಕಿನಿಂದ ಟಾಕಿಗೆ ಜಿನುಗಿದೆ. ಆ ಗುಂಪು ಉಸಿರು ಬಿಟ್ಟರೆ ಹೊರಬರುವುದೇ ಕೊಳೆತ ಮೊಟ್ಟೆಯ ಗ್ಯಾಸು. ಅದು ಕೆಸರಿನಲ್ಲಿ ಕರಗಿ ಕೂತಿರುತ್ತದೆ. ಕಾಕಾ ಸಲಿಕೆ ಹಾಕಿದಾಗ ಒಮ್ಮೆಲೇ ಎದ್ದಿತು.

"ಅಂದರೆ ಕೆಟ್ಟವು," ಅಂದೆ.

ಅವಳು ಮೊದಲ ಬಾರಿ ನನ್ನ ಕಡೆ ತಿರುಗಿದಳು. "ಕೆಟ್ಟವು ಅಲ್ಲ ಆಂಟಿ. ಅವು ನಮಗಿಂತ ಹಳೇ ಟೆನೆಂಟ್ಸ್."

ಭೂಮಿಯಲ್ಲಿ ಬಹಳ ಕಾಲ ಆಮ್ಲಜನಕವೇ ಇರಲಿಲ್ಲವಂತೆ. ಆಗ ಮನೆಯೆಲ್ಲ ಅವುಗಳದೇ. ಆಮೇಲೆ ಬಿಸಿಲು ತಿಂದು ಆಮ್ಲಜನಕ ಬಿಡುವ ಜೀವಿಗಳು ಬಂದವು. ಹಳೆಯವು ಕೆಸರಿಗೆ, ಸಮುದ್ರದ ತಳಕ್ಕೆ, ಹೊಟ್ಟೆಯೊಳಗೆ ಸರಿದವು. ಅಲ್ಲಿಂದಲೇ ಕೆಲಸ ಮಾಡುತ್ತಿವೆ. ಖಾಡಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಎಲೆಗಳು ಕೆಸರಿನಲ್ಲಿ ಹೂತುಹೋಗುತ್ತವೆ, ಅಲ್ಲಿ ಗಾಳಿ ಇಲ್ಲ. ಅವನ್ನು ಒಡೆದು ಮತ್ತೆ ಜೀವಗಳಿಗೆ ಆಹಾರವಾಗುವ ಹಾಗೆ ಮಾಡುವವರು ಯಾರು? ಇವು. ನೀರಿನಲ್ಲಿ ಹೆಚ್ಚಾದ ಸಾರಜನಕವನ್ನು ಗಾಳಿಗೆ ಮರಳಿಸುವವರು? ಇವು. ಕೊಟ್ಟಿಗೆಯ ಎಮ್ಮೆ ಬರೀ ಹುಲ್ಲು ತಿಂದು ಹಾಲು ಕೊಡುವುದು ಅದರ ಹೊಟ್ಟೆಯಲ್ಲಿ ಇವು ಕೂತಿರುವುದರಿಂದ. ಗೋಬರ್ ಗ್ಯಾಸಿನ ಒಲೆ ಉರಿಸುವುದೂ ಇವೇ. ನನ್ನ ನಿಮ್ಮ ಕರುಳಿನಲ್ಲೂ ಇವೆ, ಈ ಸಾಲು ಓದುತ್ತಿರುವಾಗಲೂ ದುಡಿಯುತ್ತಿವೆ. ಹಾರ್ಬರ್ ಲೈನಿನ ಲೋಕಲ್ ಖಾಡಿಯ ಪಕ್ಕ ಹೋಗುವಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಆ ವಾಸನೆ ಬರೀ ಹೊಲಸಿನದಲ್ಲ, ಆ ಕೆಲಸದ್ದೂ ಹೌದು. ಅವು ನಿಂತರೆ ಸತ್ತದ್ದೆಲ್ಲ ಸತ್ತಂತೆಯೇ ರಾಶಿ ಬೀಳುತ್ತದೆ, ಮತ್ತೆ ಮಣ್ಣಾಗುವುದಿಲ್ಲ.

ಕಾಕಾ ಕೊನೆಗೆ ಕೂಗಿ ಹೇಳಿದ ಆ ಎರೆಮಣ್ಣು ನಿಜವಾಗಿಯೂ ಒಳ್ಳೆಯ ಗೊಬ್ಬರವೇ ಆಗಿತ್ತಂತೆ. ಅವು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದವು. ನಾವೇ ಅವುಗಳಿಗೆ ಮನೆ ಕಟ್ಟಿಕೊಟ್ಟು, ಬಾಗಿಲು ಮೆತ್ತಿ, ಕುಂಕುಮ ಇಟ್ಟು, ಕೊನೆಗೆ ಬಾಗಿಲು ಬಡಿಯದೆ ಒಳಗೆ ನುಗ್ಗಿದೆವು.

ಇದನ್ನೆಲ್ಲ ಎದುರು ಬೆಂಚಿನಿಂದ ಕಾಕು ಕೇಳುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅವರು ಗೋಡೆಗೆ ಹೇಳಿದರು, "ನಮ್ಮ ಮನ್ಯಾಗ ಹಗೇವಿತ್ತು."

ಹಗೇವು ಎಂದರೆ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ: ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು.

"ಹಗೇವು ತಗದ್ರ ಒಂದಿನಾ ಹಂಗ ಬಿಡ್ತಿದ್ರು," ಕಾಕು ಗೋಡೆಗೇ ಹೇಳುತ್ತ ಹೋದರು. "ಕಂದೀಲು ಇಳಿಬಿಟ್ಟು ನೋಡ್ತಿದ್ರು. ದೀಪ ಆರಿತಂದ್ರ ಯಾರೂ ಇಳೀತಿರಲಿಲ್ಲ. ಇದನ್ನ ಅವರ ಹೇಳಾವರು. ಸಂತ್ಯಾ ಸಣ್ಣಾಂವಿದ್ದಾಗ ಅವರ ಕತೀ ಮಾಡಿ ಹೇಳಾವರು."

ಅಂದರೆ ಕಾಕಾಗೆ ಗೊತ್ತಿತ್ತು! ಮುಚ್ಚಿಟ್ಟ ನೆಲಮಾಳಿಗೆಗೆ ಇಳಿಯಬಾರದು ಎಂದು ಅವರ ಹಿರಿಯರಿಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು, ಮಗನಿಗೆ ಕಥೆ ಹೇಳುವಷ್ಟು ಗೊತ್ತಿತ್ತು. ಜೋಳಕ್ಕೆ ಹೆದರಿದ ಮನುಷ್ಯ ಹೂವಿಗೆ ಹೆದರಲಿಲ್ಲ. ಊರಿನ ಹಗೇವು ಬೇರೆ, ಮುಂಬಯಿಯ ಟಾಕಿ ಬೇರೆ. ಕಾಳು ಬೇರೆ, ದೇವರ ಪ್ರಸಾದ ಬೇರೆ. ಹಾಗೆಂದು ನಾವು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಇಟ್ಟುಕೊಂಡಿದ್ದೇವೆ ನಮ್ಮ ತಿಳಿವಳಿಕೆಯನ್ನು. ಹಸಿ ಕಸ, ಒಣ ಕಸ ಇದ್ದ ಹಾಗೆ.

"ಕಂದೀಲು ಬೇಡ ಅತ್ತೀ," ಮೇಘಾ ಮೆಲ್ಲಗೆ ಹೇಳಿದಳು. "ಈ ಟಾಕಿಯಲ್ಲಿ ಕಂದೀಲು ಬಿಟ್ಟಿದ್ದರೆ ಬ್ಲಾಸ್ಟ್ ಆಗಬಹುದಿತ್ತು."

ಊದಿನಕಡ್ಡಿ ಚುಚ್ಚಿದ್ದು ಕಾಕು ಅವರದೇ ಕೈ. ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಗುರುನಾಥ ಕಾಕಾ ಬದುಕಿದರು. ಡಾಕ್ಟರಿಗೂ ಆಶ್ಚರ್ಯ. ಮುಖ ಟಾಕಿಯ ಬಾಯಿಯ ಕೆಳಗೇ ಇತ್ತು, ಎರಡನೇ ಮುಚ್ಚಳ ತೆಗೆದದ್ದರಿಂದ ತುಸು ಗಾಳಿ ತಾಗಿರಬೇಕು, ಅದೃಷ್ಟ ಎಂದರು. ಮನೆಗೆ ಬಂದಿದ್ದಾರೆ. ಕೈ ನಡುಗುತ್ತದೆ. ಮಾತು ನಿಧಾನ. ಒಂದು ಶಬ್ದಕ್ಕಾಗಿ ಬಹಳ ಹೊತ್ತು ಹುಡುಕುತ್ತಾರೆ. ಆದರೆ ಇದ್ದಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನನ್ನು ಟಾಕಿಗಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಆಮೇಲಿನದು.

ಬಿಲ್ಡಿಂಗಿನ ಮೆಟ್ಟಿಲುಗಳ ಮೇಲೆ ಒಂದು ಮಾತು ಹತ್ತಿ ಇಳಿಯತೊಡಗಿತು. ಮಗ ನೋಡುತ್ತ ನಿಂತನಂತೆ. ಹೆಂಡತಿ ಬಿಡಲಿಲ್ಲವಂತೆ. ಕಲಿತ ಸೊಸೆ, ಲೆಕ್ಕಾಚಾರದವಳು. ಅಪ್ಪ ಒಳಗೆ, ಮಗ ಹೊರಗೆ. ನಾನು ಕೇಳಿದ ಕಡೆಯಲ್ಲೆಲ್ಲ ನನ್ನ ತೋಳು ತೋರಿಸಿದೆ. ನಿಂತವನ ಹಲ್ಲು ಹೀಗೆ ಮೂಡುತ್ತದೆಯೇ ಎಂದು ಕೇಳಿದೆ. ನಕ್ಕು ಬೇರೆ ಮಾತು ತೆಗೆದರು.

ಮೊನ್ನೆ ಕಾಕಾರನ್ನು ನೋಡಲು ಹೋಗಿದ್ದೆ. ಮೂರನೇ ಮಹಡಿಯ ನಿಂಗಪ್ಪ ಮಾಮಾ ಮೊದಲೇ ಬಂದು ಕೂತಿದ್ದರು. ಸಂತೋಷ ಚಹಾದ ಟ್ರೇ ಹಿಡಿದು ನಿಂತಿದ್ದ. ಮಾಮಾ ಕಪ್ಪು ಎತ್ತಿಕೊಂಡು, ಅವನಿಗೆ ಕೇಳುವ ಹಾಗೇ, ಎತ್ತಲೋ ನೋಡುತ್ತ ಹೇಳಿದರು, "ನಾ ಆಗಿದ್ರ ನಿಂತು ನೋಡಾಂವಲ್ಲ ಬಿಡ್ರಿ. ಹಾರೇ ಬಿಡ್ತಿದ್ದೆ."

"ಹಾರಿದ್ರ ಮಾಮಾ," ಅಂದೆ, "ನಿಮ್ಮ ತಿಥಿ ಮಾಡಿ ನಾವಿಲ್ಲಿ ಚಹಾ ಕುಡೀತಿದ್ವಿ."

ಮಾಮಾ ಮುಖ ಗಂಟಿಕ್ಕಿದರು. ಕಾಕು ನನ್ನನ್ನೇ ಸಿಟ್ಟಿನಿಂದ ನೋಡಿದರು. ಆಗ ಮಂಚದ ಮೇಲಿಂದ ಕಾಕಾ ಬಾಯಿ ತೆರೆದರು. ಶಬ್ದ ಹುಡುಕುತ್ತಿದ್ದರು, ನಾವೆಲ್ಲ ಕಾದೆವು.

"ಸಂತ್ಯಾ... ನಾ ಬಿದ್ದಾಗ... ನೀ ಎಲ್ಲಿದ್ದಿ?"

"ಮ್ಯಾಲೇ ಇದ್ದೆ ಅಪ್ಪಾ."

"ಮ್ಯಾಲೇ?"

"ಹೂಂ."

ಕಾಕಾ ಮಗನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿಕೊಂಡರು. ಅದು ಸಿಟ್ಟೋ, ದಣಿವೋ, ಮರೆವೋ, ನಾನು ಹೇಳಲಾರೆ. ಸಂತೋಷ ಟ್ರೇ ಹಿಡಿದೇ ನಿಂತಿದ್ದ. ಮೇಘಾ ಅಡುಗೆಮನೆಯಿಂದ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅವರಿಬ್ಬರನ್ನೂ ಆ ಕೋಣೆಯಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ.

ಇಳಿದು ಸತ್ತಿದ್ದರೆ ಮಗ ಅಂದ್ರೆ ಹೀಗಿರಬೇಕು ಎಂದು ಹೊಗಳಲು ನಮ್ಮಲ್ಲಿ ಎಷ್ಟೊಂದು ಮಾತುಗಳಿದ್ದವು, ಇಳಿಯದೆ ಬದುಕಿದವನಿಗೆ ಹೇಳಲು ಒಂದೂ ಇಲ್ಲವೇ?